ಪ್ಯಾಲೆಸ್ಟೀನಿ ಕ್ಯಾಂಪುಗಳ ಬೇಸಿಗೆ ಶಿಬಿರ: ಜುಲೈ ಕೆಲಸಕ್ಕೆ ಮಾರ್ಚ್‌ನಲ್ಲೇ ತಯಾರಿ

ಪ್ರಶ್ನೆ: ನಾನು ಧಾರವಾಡದಲ್ಲಿ ಸಮಾಜಕಾರ್ಯ ಓದುತ್ತಿದ್ದೇನೆ. ಪ್ಯಾಲೆಸ್ಟೀನಿ ನಿರಾಶ್ರಿತರ ಕ್ಯಾಂಪುಗಳಲ್ಲಿ ಬೇಸಿಗೆ ರಜೆಯಲ್ಲಿ ಯುವಜನರ ಸಬಲೀಕರಣಕ್ಕೆಂದು ಶಿಬಿರಗಳು ನಡೆಯುತ್ತವೆ ಎಂದು ಓದಿದೆ. ಎಷ್ಟು ದಿನ, ಎಷ್ಟು ಮಂದಿ, ಯಾರು ನಡೆಸುತ್ತಾರೆ? ನಮ್ಮೂರಿನ ಏಪ್ರಿಲ್–ಮೇ ಶಿಬಿರಗಳಿಗೂ ಅವುಗಳಿಗೂ ಏನು ವ್ಯತ್ಯಾಸ? ಎಲ್ಲಿ ಎಡವುತ್ತಾರೆ? ನಾನು ಸ್ವಯಂಸೇವಕಿಯಾಗಿ ಹೋಗಬಹುದೇ?

ಉತ್ತರ: ಮೊದಲು ಜಾಗದ ಚಿತ್ರ ಸರಿಯಾಗಲಿ. ನಿರಾಶ್ರಿತರ ಕ್ಯಾಂಪು ಎಂದ ಕೂಡಲೇ ಡೇರೆಗಳ ಸಾಲು ಕಣ್ಮುಂದೆ ಬರುತ್ತದೆ. ಗಾಜಾದ ಮಟ್ಟಿಗೆ ಈಗ ಅದು ನಿಜ. ಇಸ್ರೇಲಿ ಸೇನೆಯ ಹಿಡಿತದಲ್ಲಿರುವ ವೆಸ್ಟ್ ಬ್ಯಾಂಕ್, ಪಕ್ಕದ ಜೋರ್ಡಾನ್, ಲೆಬನಾನ್‌ಗಳಲ್ಲಿ ಮಾತ್ರ ಡೇರೆ ಹೋಗಿ ಕಾಂಕ್ರೀಟ್ ಕೋಣೆ ಬಂದು ಎಷ್ಟೋ ಕಾಲವಾಯಿತು. ಅಜ್ಜನಿಗೆ ಸಿಕ್ಕ ಒಂದು ಕೋಣೆಯ ಮೇಲೆ ಮಗ ಒಂದು ಮಹಡಿ ಎಬ್ಬಿಸಿದ, ಮೊಮ್ಮಗ ಅದರ ಮೇಲೆ ಇನ್ನೊಂದು. ವೆಸ್ಟ್ ಬ್ಯಾಂಕಿನ ಬೆತ್ಲೆಹೆಮ್ ಅಂಚಿನ ಐದಾ ಕ್ಯಾಂಪು ಇರುವುದು ಸುಮಾರು 17 ಎಕರೆಯಲ್ಲಿ. ಅದೇ ಊರಿನ ಇನ್ನೊಂದು ಬದಿಯ ದೆಹೈಶೆ ಸುಮಾರು 80 ಎಕರೆ. ಅಲ್ಲಿ ನೋಂದಾಯಿತ ನಿರಾಶ್ರಿತರೇ 15 ಸಾವಿರಕ್ಕೂ ಹೆಚ್ಚು. ನಾಬ್ಲಸ್‌ನ ಬಲಾತಾ 60 ಎಕರೆ ಚಿಲ್ಲರೆ ಜಾಗದಲ್ಲಿ ಅದರ ದುಪ್ಪಟ್ಟು ಜನರನ್ನು ಹೊತ್ತಿದೆ. ಕೆಲವು ಓಣಿಗಳಲ್ಲಿ ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕು. ನಮ್ಮ ಬೈಲಕುಪ್ಪೆಯಲ್ಲಿ ಟಿಬೆಟಿಯನ್ನರಿಗೆ ಸರ್ಕಾರ ಉಳುವ ಭೂಮಿ ಕೊಟ್ಟಿತ್ತು. ಇಲ್ಲಿ ಅಂಗಳವೂ ಇಲ್ಲ. ಆದ್ದರಿಂದ ಮಕ್ಕಳನ್ನು ಮೈದಾನಕ್ಕೆ ಕರೆದೊಯ್ದು ಆಡಿಸುವ ನಮ್ಮ ಶಿಬಿರಗಳ ಮೊದಲ ಹೆಜ್ಜೆಯೇ ಅಲ್ಲಿ ಸಾಧ್ಯವಿಲ್ಲ. ಶಾಲೆಯ ಸಿಮೆಂಟ್ ಪ್ರಾಂಗಣ, ಯುವಕ ಸಂಘದ ಬ್ಯಾಸ್ಕೆಟ್‌ಬಾಲ್ ಅಂಕಣ, ಸಾಂಸ್ಕೃತಿಕ ಕೇಂದ್ರದ ಎರಡು ಮೂರು ಕೋಣೆ, ಮನೆ ಮಹಡಿ: ಸಿಗುವುದು ಇಷ್ಟೇ. (ಮುಂದೆ ‘ಕ್ಯಾಂಪು’ ಎಂದಲ್ಲೆಲ್ಲ ನಿರಾಶ್ರಿತರ ವಸತಿ, ‘ಶಿಬಿರ’ ಎಂದಲ್ಲಿ ಬೇಸಿಗೆಯ ಕಾರ್ಯಕ್ರಮ ಎಂದು ಓದಿಕೊಳ್ಳಿ.)

ಯಾರಿಗಾಗಿ ಎಂಬುದು ಎರಡನೆಯ ಪ್ರಶ್ನೆ, ಹೆಚ್ಚಿನವರು ತಪ್ಪುವುದೂ ಇಲ್ಲೇ. 1950ರಿಂದ ಕೆಲಸ ಮಾಡುತ್ತಿರುವ ವಿಶ್ವಸಂಸ್ಥೆಯ ಅಂಗ ಯುಎನ್‌ಆರ್‌ಡಬ್ಲ್ಯೂಎ, ಬಾಯಿಮಾತಿನಲ್ಲಿ ಅನ್ರ್ವಾ, ಒಟ್ಟು 58 ಕ್ಯಾಂಪುಗಳನ್ನು ಅಧಿಕೃತವೆಂದು ಪರಿಗಣಿಸುತ್ತದೆ: ವೆಸ್ಟ್ ಬ್ಯಾಂಕಿನಲ್ಲಿ 19, ಲೆಬನಾನಿನಲ್ಲಿ 12, ಜೋರ್ಡಾನಿನಲ್ಲಿ 10, ಸಿರಿಯಾದಲ್ಲಿ 9, ಗಾಜಾದಲ್ಲಿ 8. ಶಾಲೆ, ಆರೋಗ್ಯ ಕೇಂದ್ರ, ಕಸ ವಿಲೇವಾರಿ ಅದರ ಪಾಲು, ಆಡಳಿತ ಅದರದ್ದಲ್ಲ. ವೆಸ್ಟ್ ಬ್ಯಾಂಕಿನಲ್ಲಿ ಅದರ ಶಾಲೆಗಳು ಬಹುತೇಕ 9ನೇ ತರಗತಿಗೆ ಮುಗಿಯುತ್ತವೆ. ಅಲ್ಲಿಂದ ಮುಂದೆ ಹುಡುಗ ಹುಡುಗಿಯರು ಕ್ಯಾಂಪಿನಾಚೆಯ ಸರ್ಕಾರಿ ಶಾಲೆಗೆ ಹೋಗಬೇಕು, ಇಲ್ಲವೇ ಗ್ಯಾರೇಜು, ಕಟ್ಟಡ ಕೆಲಸ ಹಿಡಿಯಬೇಕು. ಅಂದರೆ 15ನೇ ವಯಸ್ಸಿಗೆ ಸರಿಯಾಗಿ ದಿನವೂ ಕರೆದು ಹಾಜರಿ ಹಾಕುವ ಕೈ ತಪ್ಪಿಹೋಗುತ್ತದೆ. ಅಲ್ಲಿನ ಇಸ್ರೇಲಿ ಸೇನಾ ನ್ಯಾಯಾಲಯಗಳು 12 ವರ್ಷ ದಾಟಿದ ಪ್ಯಾಲೆಸ್ಟೀನಿ ಮಕ್ಕಳನ್ನು ವಿಚಾರಣೆಗೆ ಒಳಪಡಿಸುತ್ತವೆ. ಮಕ್ಕಳ ಹಕ್ಕುಗಳ ಸಂಸ್ಥೆಗಳು ಬಹುಕಾಲದಿಂದ ಕೊಡುತ್ತ ಬಂದಿರುವ ಅಂದಾಜು ವರ್ಷಕ್ಕೆ 500ರಿಂದ 700 ಮಕ್ಕಳು. ಅದರಲ್ಲಿ ಹದಿಹರೆಯದ ಗಂಡುಹುಡುಗರೇ ಹೆಚ್ಚು. ಹೀಗಿದ್ದರೂ ದಾನಿಗಳಿಗೆ ಇಷ್ಟವಾಗುವುದು ಎಂಟು ಹತ್ತು ವರ್ಷದ ಮಕ್ಕಳ ಬಣ್ಣ ಬಳಿದ ಮುಖಗಳು. ಆರರಿಂದ ಹದಿನಾರರವರೆಗೆ ಎಲ್ಲರನ್ನೂ ಒಂದೇ ಶಿಬಿರಕ್ಕೆ ತುಂಬಿದರೆ ಮೂರನೆಯ ದಿನಕ್ಕೆ ಹದಿನೈದರ ಹುಡುಗರು ನಾಪತ್ತೆ. ‘ಚಿಕ್ಕಮಕ್ಕಳ ಆಟ’ ಎಂಬ ಹೆಸರು ಒಮ್ಮೆ ಬಿದ್ದರೆ ಆ ವರ್ಷ ಅವರು ಹಿಂತಿರುಗುವುದಿಲ್ಲ.

ಹಾಗಾಗಿ ಯುವಜನ ಶಿಬಿರವೆಂದರೆ 14ರಿಂದ 17, ನಡೆಸುವವರು 18ರಿಂದ 24. ಈ ಎರಡನೆಯ ಗುಂಪಿಗೆ ಅರಬ್ಬಿಯಲ್ಲಿ ಮುನಶ್ಶಿತ್ ಎನ್ನುತ್ತಾರೆ. ನಮ್ಮ ರೂಢಿಯಲ್ಲಿ ಶಿಬಿರದ ಅಣ್ಣ, ಅಕ್ಕ. ಶಿಬಿರ ನಿಲ್ಲುವುದೂ ಬೀಳುವುದೂ ಇವರ ಮೇಲೆ. ಹಣ, ಸಮಯ, ಚಿಂತೆ ಮೂರರಲ್ಲೂ ಅರ್ಧದಷ್ಟನ್ನು ಇವರ ಮೇಲೆ ಹಾಕದ ಕಾರ್ಯಕ್ರಮ ಮೂರು ವಾರದ ಗದ್ದಲವಾಗಿ ಮುಗಿಯುತ್ತದೆ.

ಲೆಕ್ಕ ಹೀಗಿಟ್ಟುಕೊಳ್ಳಿ. 60 ಮಂದಿ, 15ರಂತೆ ನಾಲ್ಕು ಗುಂಪು, ಗುಂಪಿಗೆ ಇಬ್ಬರು ಅಣ್ಣ-ಅಕ್ಕ. ಅದು ಎಂಟಾಯಿತು. ಊಟ-ನೀರು, ಪ್ರಥಮ ಚಿಕಿತ್ಸೆ, ಮನೆಗಳ ಸಂಪರ್ಕ, ಬದಲಿ ಆಳು ಎಂದು ಇನ್ನು ನಾಲ್ವರು. ಒಟ್ಟು 12. ಹನ್ನೆರಡು ಬೇಕೆಂದರೆ ಮಾರ್ಚ್‌ನಲ್ಲಿ 18 ಮಂದಿಯನ್ನು ಆರಿಸಬೇಕು. ಕೆಲಸ ಸಿಕ್ಕಿತು, ವಿಶ್ವವಿದ್ಯಾಲಯದ ಪರೀಕ್ಷೆ ಮುಂದೆ ಹೋಯಿತು, ಮದುವೆ ಗೊತ್ತಾಯಿತು, ರಾತ್ರಿ ಮನೆಗೆ ಸೇನೆ ಬಂದು ಕರೆದೊಯ್ದಿತು: ಹೀಗೆ ಜೂನ್ ಹೊತ್ತಿಗೆ ನಾಲ್ಕೈದು ಮಂದಿ ಕಡಿಮೆಯಾಗುವುದು ಮಾಮೂಲು. ಆರಿಸುವಾಗ ಇಂಗ್ಲಿಷ್ ಬರುತ್ತದೆಯೇ ಎಂದು ನೋಡುವುದಕ್ಕಿಂತ ಕ್ಯಾಂಪಿನ ಯಾವ ಮೂಲೆಯವರು, ಯಾವ ಮನೆತನದವರು ಎಂದು ನೋಡಿ. ಎಲ್ಲರೂ ಒಂದೇ ಓಣಿಯವರಾದರೆ ಉಳಿದ ಓಣಿಗಳ ಮಕ್ಕಳು ಬರುವುದಿಲ್ಲ. ಎಲ್ಲರೂ ಒಂದೇ ರಾಜಕೀಯ ಬಣದವರೆಂಬ ಗುಮಾನಿ ಬಂದರೂ ಅಷ್ಟೇ. ಕ್ಯಾಂಪಿನ ಜನಸಮಿತಿಗೆ ಮುಂಚೆಯೇ ತಿಳಿಸಿ, ಕಟ್ಟಡದೊಳಗೆ ಯಾವ ಪಕ್ಷದ ಬಾವುಟವೂ ಇಲ್ಲ ಎಂದು ಮೊದಲ ದಿನವೇ ಗಟ್ಟಿಯಾಗಿ ಹೇಳಿಬಿಡುವುದು ಒಳ್ಳೆಯದು.

ತರಬೇತಿ 40 ಗಂಟೆ, ಮಾರ್ಚ್‌ನಿಂದ ಮೇ ತನಕ ಶುಕ್ರವಾರ ಮಧ್ಯಾಹ್ನ ಅಥವಾ ಶನಿವಾರ. ಗುಂಪು ನಡೆಸುವ ಕಲೆ ಮತ್ತು ಪಾಠಯೋಜನೆಗೆ 12 ಗಂಟೆ, ಮಕ್ಕಳ ಸುರಕ್ಷತೆಗೆ 8, ಪ್ರಥಮ ಚಿಕಿತ್ಸೆಗೆ 8, ಮಾನಸಿಕ ಪ್ರಥಮ ಚಿಕಿತ್ಸೆಗೆ 6, ಕೊನೆಯ 6 ಗಂಟೆ ಒಬ್ಬರ ಮುಂದೊಬ್ಬರು ಪೂರ್ತಿ ಅವಧಿ ನಡೆಸಿ ತೋರಿಸುವ ತಾಲೀಮಿಗೆ. ಈ ಕೊನೆಯ ಆರು ಗಂಟೆಯನ್ನೇ ಎಲ್ಲರೂ ಕತ್ತರಿಸುವುದು, ಅದರ ಫಲ ಶಿಬಿರದ ಮೊದಲ ಸೋಮವಾರವೇ ಕಾಣುತ್ತದೆ. ಗೌರವಧನ ಕೊಡಲೇಬೇಕು. ಅದೇ ವಯಸ್ಸಿನ ಹುಡುಗ ಅದೇ ಗಂಟೆಗಳನ್ನು ಅಂಗಡಿಯಲ್ಲಿ ಕಳೆದರೆ ಏನು ಸಿಗುತ್ತದೋ ಅದಕ್ಕಿಂತ ಕಡಿಮೆಯಾಗದಂತೆ. ಅಕ್ಟೋಬರ್ 2023ರಲ್ಲಿ ಗಾಜಾ ಯುದ್ಧ ಶುರುವಾದ ನಂತರ ಇಸ್ರೇಲಿನೊಳಗೆ ಕೂಲಿಗೆ ಹೋಗುತ್ತಿದ್ದ ಅಪ್ಪಂದಿರ ಪರವಾನಗಿಗಳು ಬಹುತೇಕ ನಿಂತುಹೋಗಿವೆ. ಮನೆಯಲ್ಲಿ ದುಡಿಯುವ ಕೈ ಇವರದ್ದೇ ಆಗಿರಬಹುದು. ‘ಸೇವಾ ಮನೋಭಾವ’ದ ಹೆಸರಿನಲ್ಲಿ ಪುಕ್ಕಟೆ ದುಡಿಸಿಕೊಳ್ಳುವವರಿಗೆ ಎರಡನೆಯ ವಾರ ಜನ ಉಳಿಯುವುದಿಲ್ಲ. ಒಟ್ಟು ಬಜೆಟ್ಟಿನಲ್ಲಿ ನೂರಕ್ಕೆ 35ರಿಂದ 40 ಪಾಲು ಇದಕ್ಕೇ ಹೋಗಲಿ. ಊಟ-ನೀರಿಗೆ 20, ಸಾಮಾನಿಗೆ 12ರಿಂದ 15, ಪ್ರಯಾಣಕ್ಕೆ 10, ತುರ್ತಿಗೆಂದು ಮುಟ್ಟದ 10, ಮಿಕ್ಕದ್ದು ವಿಮೆ, ಔಷಧಿ, ದುರಸ್ತಿಗೆ. ಟೀ ಶರ್ಟಿಗೆ ಸೊನ್ನೆ. ದಾನಿಯ ಲಾಂಛನ ಹೊತ್ತ ಅಂಗಿಯ ದುಡ್ಡಿನಲ್ಲಿ ಇನ್ನೊಬ್ಬ ಅಕ್ಕನನ್ನು ಇಟ್ಟುಕೊಳ್ಳಬಹುದು.

ದಿನಾಂಕ ಗೊತ್ತುಮಾಡುವುದು ಕೇಳಿದಷ್ಟು ಸುಲಭವಲ್ಲ. ಪಿಯುಸಿ ಪರೀಕ್ಷೆಯಂಥ ತೌಜೀಹಿ ಸಾಮಾನ್ಯವಾಗಿ ಜೂನ್‌ನಲ್ಲಿ ಶುರುವಾಗಿ ಜುಲೈ ಮೊದಲ ವಾರದತ್ತ ಮುಗಿಯುತ್ತದೆ. ಆ ದಿನಗಳಲ್ಲಿ ಕ್ಯಾಂಪಿನಲ್ಲಿ ಧ್ವನಿವರ್ಧಕ ಹಚ್ಚಿದರೆ ಮನೆಮನೆಯಿಂದ ಬೈಗುಳ ಬರುತ್ತದೆ, ಅದು ನ್ಯಾಯವೇ. ಫಲಿತಾಂಶದ ದಿನ ಪಟಾಕಿ, ಮೆರವಣಿಗೆ, ಸಿಹಿ. ಅಂದು ಶಿಬಿರ ಇಡಬೇಡಿ. ಹಬ್ಬಗಳು ಚಾಂದ್ರಮಾನದಂತೆ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತವೆ. ಇತ್ತೀಚೆಗೆ ವೆಸ್ಟ್ ಬ್ಯಾಂಕಿನ ಸೀಮಿತ ಸ್ವಾಡಳಿತವಾದ ಪ್ಯಾಲೆಸ್ಟೀನಿ ಪ್ರಾಧಿಕಾರದ ಬಳಿ ಶಿಕ್ಷಕರ ಸಂಬಳಕ್ಕೂ ಹಣವಿಲ್ಲದೆ ಶಾಲಾ ವೇಳಾಪಟ್ಟಿಯೇ ಏರುಪೇರಾಗಿದೆ. 2025ರಲ್ಲಿ ಶಾಲೆ ಶುರುವಾದದ್ದು ಸೆಪ್ಟೆಂಬರ್ ಎರಡನೆಯ ವಾರ. ಎಲ್ಲವನ್ನೂ ತೂಗಿದರೆ ಜುಲೈ ಎರಡನೆಯ ವಾರದಿಂದ ಮೂರು ವಾರ, ಭಾನುವಾರದಿಂದ ಗುರುವಾರ, ಒಟ್ಟು 15 ದಿನ ಎಂಬುದು ಹೆಚ್ಚಿನ ಕಡೆ ಹೊಂದುತ್ತದೆ. ಹೊತ್ತು ಬೆಳಿಗ್ಗೆ 9ರಿಂದ 1.30. ಬೆತ್ಲೆಹೆಮ್ ಸಮುದ್ರಮಟ್ಟದಿಂದ ಸುಮಾರು 775 ಮೀಟರ್ ಎತ್ತರದಲ್ಲಿದೆ, ಬೆಳಗಿನ ಹೊತ್ತು ಹಿತವಾಗಿರುತ್ತದೆ. ಜೆರಿಕೋ ಪಕ್ಕದ ಅಕಬತ್ ಜಬ್ರ್ ಕ್ಯಾಂಪು ಸಮುದ್ರಮಟ್ಟಕ್ಕಿಂತ ಕೆಳಗಿದೆ, ಜುಲೈನಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯ. ಅಲ್ಲಿ ಸಂಜೆ 5ರಿಂದ 8.30 ಬಿಟ್ಟರೆ ಬೇರೆ ದಾರಿಯಿಲ್ಲ. ಮಧ್ಯಾಹ್ನದ ನಂತರ ಹುಡುಗರು ಕೆಲಸಕ್ಕೆ ಹೋಗಬೇಕಿರುತ್ತದೆ ಎಂಬುದೂ ನೆನಪಿರಲಿ. ಪೂರ್ತಿ ದಿನದ ಶಿಬಿರ ಎಂದರೆ ಬಡ ಮನೆಯ ಹುಡುಗರಿಗೆ ಬಾಗಿಲು ಮುಚ್ಚಿದಂತೆ.

ಇನ್ನು ನೀರು. ಬೆತ್ಲೆಹೆಮ್ ಸುತ್ತಿನ ಕ್ಯಾಂಪುಗಳಿಗೆ ಬೇಸಿಗೆಯಲ್ಲಿ ನಲ್ಲಿ ನೀರು ಬರುವುದು ವಾರಗಳಿಗೊಮ್ಮೆ. ಎಲ್ಲರ ಬದುಕೂ ಮಹಡಿ ಮೇಲಿನ ಟ್ಯಾಂಕಿನ ಮೇಲೆ. 75 ಮಂದಿ ಸೇರುವ ಕಟ್ಟಡದಲ್ಲಿ ಶೌಚಾಲಯ, ಕೈತೊಳೆಯುವುದು, ನೆಲ ಒರೆಸುವುದು ಎಲ್ಲ ಸೇರಿ ತಲೆಗೆ 8 ಲೀಟರ್ ಹಿಡಿದರೂ ದಿನಕ್ಕೆ 600 ಲೀಟರ್. 2,000 ಲೀಟರ್ ಟ್ಯಾಂಕು ಮೂರು ದಿನ ದಾಟಿ ಸ್ವಲ್ಪ ಬರುತ್ತದೆ, ಅಷ್ಟೆ. ಆದ್ದರಿಂದ ಟ್ಯಾಂಕರ್ ನೀರಿನ ಖರ್ಚನ್ನು ಬಜೆಟ್ಟಿನಲ್ಲಿ ಬೇರೆಯಾಗಿಯೇ ಬರೆಯಿರಿ, ಅರ್ಧ ಟ್ಯಾಂಕಿಗೆ ಬಂದಾಗಲೇ ಫೋನು ಮಾಡಿ. ಖಾಲಿಯಾದ ಮೇಲೆ ಕರೆದರೆ ಜುಲೈನಲ್ಲಿ ಎರಡು ದಿನ ಕಾಯಿಸುತ್ತಾರೆ. ಕುಡಿಯಲು ತಲೆಗೆ ಒಂದೂವರೆ ಲೀಟರ್, ಅಂದರೆ 19 ಲೀಟರಿನ ಕ್ಯಾನು ಆರು. ಶೌಚಾಲಯ ಒಣಗಿದ ಮೊದಲ ದಿನ ಮನೆಗೆ ಹೋಗುವವರು ಹುಡುಗಿಯರು. ಹುಡುಗಿಯರ ಹಾಜರಾತಿ ಏಕೋ ಇಳಿಯಿತಲ್ಲ ಎಂದು ವರದಿಯಲ್ಲಿ ಸಂಸ್ಕೃತಿಯನ್ನು ದೂರುವ ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ನೋಡುವುದು ಮೇಲು.

ತಿಂಡಿ ಓಣಿಯ ಬೇಕರಿಯಿಂದಲೇ ಬರಲಿ: ಝಾತರ್ ಎಂಬ ಮೂಲಿಕೆ ಪುಡಿ ಸವರಿದ ಬಿಸಿ ರೊಟ್ಟಿ, ಸೌತೆಕಾಯಿ, ಟೊಮೆಟೊ. ಮೊಸರಿನ ಲಬ್ನೆ ಬಿಸಿಲಿನಲ್ಲಿ ಎರಡು ಗಂಟೆ ಹೊರಗಿದ್ದರೆ ಕೆಡುತ್ತದೆ, ಕೊನೆಯ ಕ್ಷಣದಲ್ಲಿ ಫ್ರಿಜ್ಜಿನಿಂದ ತೆಗೆಯಿರಿ.

ಕಾರ್ಯಕ್ರಮದೊಳಗೆ ಏನಿರಬೇಕು? ದಬ್ಕೆ ಕುಣಿತ, ರಂಗಭೂಮಿ, ಛಾಯಾಗ್ರಹಣ, ಫುಟ್‌ಬಾಲ್ ಎಲ್ಲೆಡೆ ಇವೆ, ಒಳ್ಳೆಯ ಪರಂಪರೆಯೂ ಇದೆ. ದೆಹೈಶೆಯ ಇಬ್ದಾ ಕೇಂದ್ರ 1994ರಿಂದ ದಬ್ಕೆ ತಂಡ ಕಟ್ಟಿ ಹೊರದೇಶಗಳಿಗೂ ಕಳಿಸಿದೆ. ಐದಾದಲ್ಲಿ ಅಬ್ದುಲ್‌ಫತ್ತಾಹ್ ಅಬು ಸ್ರೂರ್ 1998ರಲ್ಲಿ ಶುರುಮಾಡಿದ ಅಲ್‌ರುವ್ವಾದ್ ರಂಗಕೇಂದ್ರ ತನ್ನ ಕೆಲಸವನ್ನು ‘ಸುಂದರ ಪ್ರತಿರೋಧ’ ಎಂದು ಕರೆದುಕೊಳ್ಳುತ್ತದೆ. ಅಲ್ಲೇ ಲಜೀ ಕೇಂದ್ರ 2000ದಿಂದಿದೆ. ರಮಲ್ಲಾ ಬಳಿಯ ಅಮರಿ ಕ್ಯಾಂಪಿನಲ್ಲಿ ಬೆಳೆದ ರಮ್ಜಿ ಅಬುರೆದ್ವಾನ್ 2002ರಲ್ಲಿ ಅಲ್ ಕಮಂಜಾತಿ ಸಂಗೀತ ಶಾಲೆ ಕಟ್ಟಿದರು. ಜೆನಿನ್ ಕ್ಯಾಂಪಿನ ಫ್ರೀಡಂ ಥಿಯೇಟರ್ 2006ರದ್ದು, 2025ರಲ್ಲಿ ಕ್ಯಾಂಪು ಖಾಲಿಯಾದಾಗ ಅದೂ ತನ್ನ ಕಟ್ಟಡ ಬಿಡಬೇಕಾಯಿತು. ಇವೆಲ್ಲ ವರ್ಷಪೂರ್ತಿ ಬಾಗಿಲು ತೆರೆದಿರುವ ಸಂಸ್ಥೆಗಳು ಎಂಬುದನ್ನು ಗಮನಿಸಿ. ಬೇಸಿಗೆ ಶಿಬಿರ ಇಂಥ ಒಂದು ಬಾಗಿಲಿಗೆ ಅಂಟಿಕೊಂಡಿದ್ದರೆ ಮಾತ್ರ ಆಗಸ್ಟಿನ ನಂತರವೂ ಅದಕ್ಕೆ ಅರ್ಥ. 14 ದಿನ ಕೊನೆಯ ದಿನದ ಪ್ರದರ್ಶನಕ್ಕೆ ತಾಲೀಮು ನಡೆಸಿ, 15ನೇ ದಿನ ಅತಿಥಿಗಳಿಗೆ ಕುಣಿದು ತೋರಿಸಿ ಮುಗಿಸುವ ಮಾದರಿ ಬಿಟ್ಟುಬಿಡಿ. ಅದರಲ್ಲಿ ಚೆನ್ನಾಗಿ ಕುಣಿಯುವ ಹತ್ತು ಮಂದಿಗೆ ಕೆಲಸ, ಉಳಿದ ಐವತ್ತು ಮಂದಿ ಗೋಡೆಗೊರಗಿ ಫೋನು ನೋಡುವವರು.

14ರಿಂದ 17ರವರಿಗೆ ಬಹಳ ಚೆನ್ನಾಗಿ ಒಗ್ಗುವ ಒಂದು ಘಟಕವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ: ಹಿರಿಯರ ಮಾತಿನ ದಾಖಲೆ. ದೆಹೈಶೆಯ ಜನ ಜೆರುಸಲೇಂ, ಹೆಬ್ರಾನ್‌ಗಳ ಪಶ್ಚಿಮಕ್ಕಿದ್ದ 45ಕ್ಕೂ ಹೆಚ್ಚು ಹಳ್ಳಿಗಳಿಂದ ಬಂದವರು. ಝಕರಿಯ್ಯಾ, ರಾಸ್ ಅಬು ಅಮ್ಮಾರ್ ಎಂಬ ಹೆಸರುಗಳು ಇಂದಿಗೂ ಮನೆತನದ ಗುರುತು. ಆದರೆ ಆ ಊರುಗಳನ್ನು ಬಿಡಬೇಕಾಗಿ ಬಂದ 1948ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ 90ರ ಹತ್ತಿರ. ಅಂಥವರು ಓಣಿಗೊಬ್ಬರು ಸಿಕ್ಕರೆ ಪುಣ್ಯ. ಹಾಗಾಗಿ ಈಚೆಗೆ ಪ್ರಶ್ನೆಗಳನ್ನು ಎರಡನೆಯ ತಲೆಮಾರಿನತ್ತ, ಕ್ಯಾಂಪಿನ ಮೊದಲ ವರ್ಷಗಳತ್ತ ತಿರುಗಿಸಿದರೆ ಫಸಲು ಹೆಚ್ಚು.

‘ನಕ್ಬಾ (1948ರ ಆ ದುರಂತಕ್ಕೆ ಅವರಿಟ್ಟ ಹೆಸರು) ಬಗ್ಗೆ ಹೇಳಿ ಅಜ್ಜಿ’ ಎಂದರೆ ಹತ್ತಾರು ಪತ್ರಕರ್ತರಿಗೆ ಹೇಳಿ ಹೇಳಿ ಬಾಯಿಪಾಠವಾದ ಐದು ನಿಮಿಷದ ಮಾತು ಸಿಗುತ್ತದೆ. ‘ನೀರು ಎಲ್ಲಿಂದ ಹೊತ್ತು ತರುತ್ತಿದ್ದಿರಿ? ಸಾಲಿನಲ್ಲಿ ಜಗಳ ಆಗುತ್ತಿತ್ತಾ? ಸಾಮೂಹಿಕ ಶೌಚಾಲಯಕ್ಕೆ ರಾತ್ರಿ ಹೇಗೆ ಹೋಗುತ್ತಿದ್ದಿರಿ? ಹಾಲಿನ ಪುಡಿ ಹಂಚುವಾಗ ಯಾರು ನಿಲ್ಲುತ್ತಿದ್ದರು? ಮೊದಲ ಕೋಣೆಯಲ್ಲಿ ಎಷ್ಟು ಜನ ಮಲಗುತ್ತಿದ್ದಿರಿ, ಯಾರ ಪಕ್ಕ ಯಾರು?’ ಎಂದು ಕೇಳಿದರೆ ಒಂದು ಗಂಟೆಯಾದರೂ ನಿಲ್ಲುವುದಿಲ್ಲ. ಇಬ್ಬರು ಹೋಗಬೇಕು, ಒಬ್ಬರು ಕೇಳಲು, ಒಬ್ಬರು ಫೋನು ಹಿಡಿಯಲು; ಜೊತೆಗೆ ಆ ಮನೆಯವರೇ ಒಬ್ಬರಿದ್ದರೆ ಹಿರಿಯರು ಸಲೀಸಾಗುತ್ತಾರೆ. ಫೋನನ್ನು ವಿಮಾನ ಸ್ಥಿತಿಗೆ ಹಾಕಿ, ಮಡಿಸಿದ ಟವೆಲಿನ ಮೇಲೆ, ಮಾತಾಡುವವರಿಂದ ಒಂದು ಮೊಳ ದೂರದಲ್ಲಿ ಇಡಿ. ಫ್ಯಾನು ಆರಿಸಿ ಎನ್ನಲಾಗದು, ಅದಕ್ಕೆ ಬೆನ್ನಾಗಿ ಕೂರಿ. 40 ನಿಮಿಷಕ್ಕೆ ನಿಲ್ಲಿಸಿ, ಇನ್ನೊಂದು ದಿನ ಬನ್ನಿ. ಮರುದಿನದ ಕೆಲಸ ಕೇಳಿ ಬರೆಯುವುದು; 40 ನಿಮಿಷದ ಮಾತಿಗೆ ನಾಲ್ಕು ಗಂಟೆ ಬೇಕೇಬೇಕು, ಇಬ್ಬರು ಹಂಚಿಕೊಂಡು ದಿನಕ್ಕೆ ಒಂದೊಂದು ಗಂಟೆ ಬರೆದರೆ ಎರಡು ದಿನ. ಈ ಹಂತವನ್ನು ವೇಳಾಪಟ್ಟಿಯಲ್ಲಿ ಹಾಕದವರ ಹಾರ್ಡ್‌ಡಿಸ್ಕಿನಲ್ಲಿ ಯಾರೂ ಕೇಳದ ನೂರಾರು ಕಡತಗಳು ಬಿದ್ದಿರುತ್ತವೆ. ಒಂದು ಪ್ರತಿ ಕೇಂದ್ರಕ್ಕೆ, ಒಂದು ಆ ಮನೆಯವರಿಗೆ. ಹೊರಗೆ ಪ್ರಕಟಿಸುವ ಅನುಮತಿಯನ್ನು ಧ್ವನಿಮುದ್ರಣ ಮುಗಿದ ಮೇಲೆ, ಏನು ಹೇಳಿದ್ದೇವೆಂದು ಅವರಿಗೆ ಗೊತ್ತಾದ ಮೇಲೆಯೇ ಕೇಳಬೇಕು.

ಇನ್ನೊಂದು ಜನಪ್ರಿಯ ಘಟಕ ಮಹಡಿ ತೋಟ. ಅಪಾಯವೂ ಇದೆ. ಒದ್ದೆ ಮಣ್ಣು ಘನಮೀಟರಿಗೆ 1.6ರಿಂದ 1.8 ಟನ್ ತೂಗುತ್ತದೆ, 20 ಸೆಂ.ಮೀ. ದಪ್ಪ ಹರಡಿದರೆ ಚದರ ಮೀಟರಿಗೆ 300 ಕೆ.ಜಿ. ದಾಟಿತು. ಸರಿಯಾಗಿ ಕಟ್ಟಿದ ಮನೆಯ ಛಾವಣಿಗೇ ಲೆಕ್ಕ ಹಾಕುವ ಹೆಚ್ಚುವರಿ ಭಾರ 150–200 ಕೆ.ಜಿ. ಕ್ಯಾಂಪಿನ ಮನೆಗಳ ಬುನಾದಿ ಒಂದಂತಸ್ತಿಗೆ ಹಾಕಿದ್ದು, ಮೇಲೆ ಮೂರಿವೆ. ಆದ್ದರಿಂದ ಮಣ್ಣು ಹರಡಲೇಬಾರದು. 20 ಲೀಟರಿನ ಬಕೆಟ್ಟುಗಳನ್ನು ಕೆಳಗೆ ಭಾರ ಹೊರುವ ಗೋಡೆ ಇರುವ ಅಂಚಿನಲ್ಲಿ ಒಂದೇ ಸಾಲಾಗಿ ಇಡಿ, ನೀರಿನ ಟ್ಯಾಂಕಿನ ಪಕ್ಕ ಬೇಡ. ಜುಲೈ ಬಿಸಿಲಿಗೆ ಟೊಮೆಟೊ ಸಸಿ ನೆಟ್ಟು ಮಕ್ಕಳಿಗೆ ನಿರಾಸೆ ಮಾಡಬೇಡಿ. ಪುದೀನ ಕಡ್ಡಿ ಮೂರು ವಾರದಲ್ಲಿ ಚಿಗುರುತ್ತದೆ, ಅವರು ಬಕ್ಲೆ ಎನ್ನುವ ಗೋಣಿ ಸೊಪ್ಪೂ ಬಿಸಿಲಿಗೆ ಜಗ್ಗದು.

ಹುಡುಗಿಯರ ವಿಷಯಕ್ಕೆ ಹೆಚ್ಚು ಸಿದ್ಧಾಂತ ಬೇಡ. ಗುಂಪಿನ ಇಬ್ಬರಲ್ಲಿ ಒಬ್ಬಳು ಅಕ್ಕ ಇರಲೇಬೇಕು, ಆಕೆ ಶಿಬಿರಕ್ಕೆ ಮುನ್ನ ಪ್ರತಿ ಹುಡುಗಿಯ ಮನೆಗೆ ಹೋಗಿ ಅಮ್ಮನ ಜೊತೆ ಚಹಾ ಕುಡಿದು ಬಂದಿರಬೇಕು, ಕತ್ತಲಾಗುವ ಮೊದಲು ಮನೆ ಸೇರಬೇಕು, ರಾತ್ರಿ ತಂಗುವ ಪ್ರವಾಸ ಬೇಡ. ಇಷ್ಟಾದರೆ ಮಿಶ್ರ ಗುಂಪಿಗೆ ಬಹಳ ಮನೆಗಳು ಒಪ್ಪುತ್ತವೆ. ಕ್ರೀಡೆಗೆ ಪ್ರತ್ಯೇಕ ಹೊತ್ತು ಕೇಳಿದರೆ ಕೊಡಿ, ಆದರೆ ಒಳ್ಳೆಯ ಹೊತ್ತನ್ನೇ ಕೊಡಿ. ಹುಡುಗರಿಗೆ 9 ಗಂಟೆ, ಹುಡುಗಿಯರಿಗೆ ಸುಡುವ 12.30 ಎಂಬ ಹಂಚಿಕೆ ಕಣ್ಣಿಗೆ ಬೀಳದಂತೆ ನುಸುಳುತ್ತದೆ.

ಪ್ರವಾಸದ ದಿನ ಎಲ್ಲರ ತಲೆನೋವು. ಬೆತ್ಲೆಹೆಮ್‌ನಿಂದ ಮೆಡಿಟರೇನಿಯನ್ ಕಡಲು 60 ಕಿ.ಮೀ. ಒಳಗೇ ಇದೆ, ಕ್ಯಾಂಪಿನ ಎಷ್ಟೋ ಮಕ್ಕಳು ಅದನ್ನು ನೋಡಿಲ್ಲ, ಏಕೆಂದರೆ ಪರವಾನಗಿ ಬೇಕು. ವೆಸ್ಟ್ ಬ್ಯಾಂಕಿನೊಳಗೇ ಓಡಾಡೋಣವೆಂದರೆ 2025ರಲ್ಲಿ ವಿಶ್ವಸಂಸ್ಥೆ ಎಣಿಸಿದ ತಪಾಸಣಾ ಠಾಣೆ, ಗೇಟು, ಮಣ್ಣುದಿಬ್ಬಗಳು 800ಕ್ಕೂ ಹೆಚ್ಚು. ಬೆಳಿಗ್ಗೆ ತೆರೆದ ಗೇಟು ಮಧ್ಯಾಹ್ನ ಮುಚ್ಚಿದರೆ 60 ಮಕ್ಕಳೊಂದಿಗೆ ರಸ್ತೆಯಲ್ಲಿ. ಹಾಗಾಗಿ ನಡೆದೇ ಹೋಗಬಹುದಾದ ಜಾಗವೇ ಮೊದಲ ಆಯ್ಕೆಯಾಗಲಿ: ದೆಹೈಶೆಯವರಿಗೆ ಸೊಲೊಮನ್ ಕೊಳಗಳು ಮತ್ತು ಅರ್ತಾಸ್ ಕಣಿವೆ. ಬಸ್ಸಿನಲ್ಲಿ ಹೋಗುವುದಾದರೆ ಹತ್ತಿರದ ಬತ್ತೀರ್. ಅದರ ಮೆಟ್ಟಿಲು ಹೊಲಗಳು 2014ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿದವು. ಚಾಲಕರ ವಾಟ್ಸಾಪ್ ಗುಂಪಿನಲ್ಲಿ ರಸ್ತೆ ಸುದ್ದಿ ನೋಡಿ ಬೆಳಿಗ್ಗೆಯೇ ನಿರ್ಧರಿಸಬೇಕು, ಹಿಂದಿನ ರಾತ್ರಿಯಲ್ಲ.

ಈಗ ಕಷ್ಟದ ದಿನಗಳ ಮಾತು. ಕ್ಯಾಂಪಿನೊಳಗೆ ಸೇನೆಯ ದಾಳಿ ಹೆಚ್ಚಾಗಿ ನಡುರಾತ್ರಿ ದಾಟಿದ ಮೇಲೆ. ಮರುದಿನ ಮಕ್ಕಳು ನಿದ್ದೆಗೆಟ್ಟು ಬರುತ್ತಾರೆ, ಕೆಲವರ ಒಡಹುಟ್ಟಿದ ಅಣ್ಣನನ್ನು ಆ ರಾತ್ರಿ ಸೇನೆ ಹಿಡಿದೊಯ್ದಿರುತ್ತದೆ. ಅಂದು 9ರ ಬದಲು 10.30ಕ್ಕೆ ಶುರುಮಾಡಿ, ಮೊದಲು ತಿಂಡಿ ಕೊಡಿ, ಸ್ಪರ್ಧೆಯ ಆಟ ಬೇಡ. ಯಾರನ್ನೂ ವೃತ್ತದಲ್ಲಿ ಕೂರಿಸಿ ‘ರಾತ್ರಿ ಏನಾಯಿತು, ಹೇಳಿ’ ಎಂದು ಕೆದಕಬೇಡಿ. ಆಘಾತದ ಬೆನ್ನಲ್ಲೇ ಗುಂಪಿನಲ್ಲಿ ವಿವರ ಹೇಳಿಸುವ ಪದ್ಧತಿಯನ್ನು ತುರ್ತು ಸಂದರ್ಭಗಳ ಮಾನಸಿಕ ಆರೋಗ್ಯದ 2007ರ ಅಂತರ-ಸಂಸ್ಥಾ ಮಾರ್ಗಸೂಚಿಯೇ ಬೇಡವೆಂದಿದೆ. ಹೊರಗಿನಿಂದ ಬಂದ ಉತ್ಸಾಹಿಗಳು ‘ನಿಮ್ಮ ಭಯದ ಚಿತ್ರ ಬಿಡಿಸಿ’ ಎಂದು ಬಣ್ಣ ಹಂಚುವುದೂ ಇದೇ ಜಾತಿಯದು. ಮಗು ತಾನೇ ಹೇಳಿದರೆ ಕೇಳುವುದು, ಹೇಳದಿದ್ದರೆ ಪಕ್ಕದಲ್ಲಿ ಕೂತು ಜೇಡಿಮಣ್ಣು ಕಲಸುವುದು ಸಾಕು. ನಿದ್ದೆ, ಊಟ, ಮಾತು ಮೂರೂ ವಾರಗಟ್ಟಲೆ ಕೆಟ್ಟಿದ್ದರೆ ಅದು ಅಣ್ಣ-ಅಕ್ಕಂದಿರ ಕೆಲಸವಲ್ಲ, ಆಪ್ತಸಮಾಲೋಚಕರ ಬಳಿ ಕಳಿಸಬೇಕು. ಯಾರ ಬಳಿ ಎಂಬುದು ಶಿಬಿರಕ್ಕೆ ಮೊದಲೇ ಗೊತ್ತಿರಬೇಕು.

ಐದಾ ಕ್ಯಾಂಪು ಇಸ್ರೇಲ್ ಕಟ್ಟಿರುವ ಪ್ರತ್ಯೇಕತಾ ಗೋಡೆಗೆ ಅಂಟಿಕೊಂಡಿರುವುದರಿಂದ ಅಶ್ರುವಾಯು ಅಲ್ಲಿ ದಿನಚರಿಯ ಭಾಗ. ಕಟ್ಟಡದೊಳಗಿದ್ದರೆ ಕಿಟಕಿ ಮುಚ್ಚಿ, ಬಾಗಿಲಡಿಗೆ ಒದ್ದೆ ಟವೆಲು ತುರುಕಿ, ಗೋಡೆಯಿಂದ ದೂರದ ಒಳಕೋಣೆಗೆ, ಸಾಧ್ಯವಾದರೆ ಮೇಲಂತಸ್ತಿಗೆ ಹೋಗಿ. ಆ ಅನಿಲ ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ಕಣ್ಣು ಉಜ್ಜದೆ ಹತ್ತು ಹದಿನೈದು ನಿಮಿಷ ಶುದ್ಧ ನೀರು ಬಿಡಬೇಕು. ಈರುಳ್ಳಿ ಮೂಸಿಸುವ ರೂಢಿ ಅಲ್ಲಿದೆ, ಅದರಿಂದ ಏನೂ ಆಗುವುದಿಲ್ಲ. ಉಬ್ಬಸ ಇರುವ ಮಕ್ಕಳ ಪಟ್ಟಿ ಮತ್ತು ಅವರ ಇನ್‌ಹೇಲರ್ ಯಾವ ಡ್ರಾಯರಿನಲ್ಲಿದೆ ಎಂಬುದು 12 ಮಂದಿಗೂ ಬಾಯಿಪಾಠವಿರಬೇಕು.

ಕ್ಯಾಂಪಿನಲ್ಲಿ ಯಾರಾದರೂ ಹತರಾದರೆ ಮೂರು ದಿನ ಶೋಕ, ಅಂಗಡಿ ಮುಚ್ಚುವ ಹರತಾಳ. ಸಂಗೀತ, ದಬ್ಕೆ ಸುಮ್ಮನೆ ನಿಲ್ಲಿಸಬೇಕು, ಚರ್ಚೆಯಿಲ್ಲ. ಆದರೆ ಬಾಗಿಲು ಮುಚ್ಚಬೇಕೇ? ಹೆಚ್ಚಿನ ಸಂಘಟಕರು ಭಯದಿಂದಲೋ ಗೌರವದಿಂದಲೋ ಮುಚ್ಚಿಬಿಡುತ್ತಾರೆ. ಅದು ತಪ್ಪು ಲೆಕ್ಕ. ಆ ಮೂರು ದಿನವೇ ಹದಿನೈದರ ಹುಡುಗ ಕಲ್ಲು ತೂರಾಟದ ತಿರುವಿನತ್ತ ಹೋಗುವ ದಿನ. ಧ್ವನಿವರ್ಧಕವಿಲ್ಲದೆ, ಬಾಗಿಲು ಅರೆತೆರೆದು, ಒಳಗೆ ಚದುರಂಗ, ಓದು, ದಾಖಲೆ ಬರೆಯುವ ಕೆಲಸ. ಹುಡುಗರ ಕೈಲೇ ಶೋಕದ ಮನೆಗೆ ಕಾಫಿ, ಕುರ್ಚಿ ಒಯ್ಯಿಸುವುದು. ಇದನ್ನು ಮಾಡಿಸಬಲ್ಲವರು ಆ ಓಣಿಯ ಅಣ್ಣನೇ ಹೊರತು ಜಿನೀವಾದಿಂದ ಬಂದ ಸಂಯೋಜಕರಲ್ಲ. ಮಾರ್ಚ್‌ನಲ್ಲಿ ಮಾಡಿದ ಖರ್ಚು ದಕ್ಕುವುದು ಇಂಥ ದಿನ.

ಫೋಟೊ ವಿಷಯದಲ್ಲಿ ಕಠಿಣವಾಗಿರಿ. ಶಿಬಿರಕ್ಕೆ ಸೇರಿಸುವ ಒಪ್ಪಿಗೆ ಬೇರೆ, ಫೋಟೊ ಒಪ್ಪಿಗೆ ಬೇರೆ, ಎರಡಕ್ಕೂ ಬೇರೆ ಬೇರೆ ಸಹಿ. ಗೋಡೆಬರಹದ ಮುಂದೆ ನಿಂತ ಹುಡುಗನ ಮುಖ, ಹೆಸರು, ಕ್ಯಾಂಪು ಮೂರೂ ಒಂದೇ ಪೋಸ್ಟಿನಲ್ಲಿ ಬಂದರೆ ಮುಂದೊಂದು ದಿನ ಠಾಣೆಯಲ್ಲಿ ಅವನಿಗೆ ಅದೇ ಮುಳುವಾಗಬಹುದು. ಕೈ, ಬೆನ್ನು, ಮಾಡಿದ ವಸ್ತು ಇವಷ್ಟೇ ಹೊರಗೆ ಹೋಗಲಿ, ಅದೂ ಕಾರ್ಯಕ್ರಮ ಮುಗಿದ ಮೇಲೆ.

ಒಂದು ಕ್ಯಾಂಪಿನ ಯೋಜನೆಯನ್ನು ಇನ್ನೊಂದು ದೇಶಕ್ಕೆ ಎತ್ತಿಕೊಂಡು ಹೋಗಬೇಡಿ. ಲೆಬನಾನಿನಲ್ಲಿ ಪ್ಯಾಲೆಸ್ಟೀನಿಯರು ವೈದ್ಯಕೀಯ, ವಕೀಲಿಯಂಥ ಹಲವು ವೃತ್ತಿಗಳನ್ನು ಮಾಡುವಂತಿಲ್ಲ, 2001ರ ಕಾನೂನಿನ ನಂತರ ಆಸ್ತಿ ಕೊಳ್ಳುವಂತಿಲ್ಲ. ಅಲ್ಲಿ ‘ಕನಸು ಕಾಣಿ, ಏನು ಬೇಕಾದರೂ ಆಗಬಹುದು’ ಎಂಬ ಭಾಷಣ ಮಾಡಿದರೆ ಹದಿನೇಳರ ಹುಡುಗಿ ಮುಖದ ಮೇಲೆಯೇ ನಗುತ್ತಾಳೆ. ಯಾವ ಕೆಲಸಕ್ಕೆ ಪರವಾನಗಿ ಬೇಡ, ದೂರದಿಂದ ಕೂತು ಮಾಡುವ ಕೆಲಸಕ್ಕೆ ಹಣ ಹೇಗೆ ಬರುತ್ತದೆ ಎಂಬ ಪಾಠ ಬೇಕು. ಬೈರೂತ್‌ನ ಶತೀಲಾದಲ್ಲಿ ನಲ್ಲಿ ನೀರು ಉಪ್ಪು, ತಲೆಯ ಮೇಲೆ ವಿದ್ಯುತ್ ತಂತಿ, ನೀರಿನ ಪೈಪು ಹೆಣೆದುಕೊಂಡಿವೆ, ಜನ ಶಾಕ್ ಹೊಡೆದು ಸಾಯುವುದೂ ಇದೆ. ಅಲ್ಲಿ ಮಹಡಿ ಚಟುವಟಿಕೆಗೆ ಮೊದಲು ಎಲೆಕ್ಟ್ರಿಷಿಯನ್ ಕರೆಸಬೇಕು. ಅದೇ ಶತೀಲಾದಲ್ಲಿ ಅಲ್‌ಸಮಾ ಎಂಬ ಸಂಸ್ಥೆ ಹುಡುಗ ಹುಡುಗಿಯರಿಗೆ ಕ್ರಿಕೆಟ್ ಕಲಿಸುತ್ತಿದೆ, ಹೆಚ್ಚಿನವರು ಸಿರಿಯಾದಿಂದ ಓಡಿಬಂದವರು. ನಿಮ್ಮಂಥವರಿಗೆ ಮಾತು ಶುರುಮಾಡಲು ಇದಕ್ಕಿಂತ ಒಳ್ಳೆಯ ನೆಪ ಸಿಗದು. ಜೋರ್ಡಾನಿನಲ್ಲಿ ಬಹುಪಾಲು ನಿರಾಶ್ರಿತರಿಗೆ ಪೌರತ್ವವಿದೆ, ಆದರೆ ಜೆರಾಶ್‌ನ ಗಾಜಾ ಕ್ಯಾಂಪಿನವರಿಗೆ ಇಲ್ಲ.

ಗಾಜಾದಲ್ಲಿ ಒಂದು ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಬೇಸಿಗೆ ಶಿಬಿರಗಳು ನಡೆಯುತ್ತಿದ್ದವು. ಅನ್ರ್ವಾ ನಡೆಸಿದ ಬೇಸಿಗೆ ಕ್ರೀಡೆಗಳಿಗೆ ಸುಮಾರು ಎರಡೂವರೆ ಲಕ್ಷ ಮಕ್ಕಳು ಬರುತ್ತಿದ್ದರು. 2010ರಲ್ಲಿ ಮುಸುಕುಧಾರಿಗಳು ಶಿಬಿರದ ಸಾಮಗ್ರಿಗೆ ಬೆಂಕಿ ಇಟ್ಟರೂ ನಿಲ್ಲಲಿಲ್ಲ. 2011ರ ಜುಲೈ 28ರಂದು ಕಡಲತೀರದಲ್ಲಿ ಒಟ್ಟಿಗೆ 12,350 ಗಾಳಿಪಟ ಹಾರಿಸಿ ಗಿನ್ನೆಸ್ ದಾಖಲೆ ಬರೆದರು. ಅಕ್ಟೋಬರ್ 2023ರ ನಂತರ ಆ ಶಾಲೆಗಳೇ ಆಶ್ರಯತಾಣಗಳಾದವು, ಬಹಳಷ್ಟು ಧ್ವಂಸವಾದವು. ಅಲ್ಲಿ ಈಗ ನಡೆಯುವುದು ತಾತ್ಕಾಲಿಕ ಕಲಿಕಾ ತಾಣಗಳು. ಮೇಲೆ ಹೇಳಿದ ಯಾವ ವೇಳಾಪಟ್ಟಿಯೂ ಅಲ್ಲಿಗೆ ಹೊಂದುವುದಿಲ್ಲ. ಉತ್ತರ ವೆಸ್ಟ್ ಬ್ಯಾಂಕಿನಲ್ಲೂ 2025ರ ಜನವರಿಯಲ್ಲಿ ಶುರುವಾದ ಸೇನಾ ಕಾರ್ಯಾಚರಣೆಯಿಂದ ಜೆನಿನ್, ತುಲ್ಕರಮ್, ನೂರ್ ಶಮ್ಸ್ ಕ್ಯಾಂಪುಗಳು ಖಾಲಿಯಾಗಿ ಸುಮಾರು 40 ಸಾವಿರ ಜನ ಚದುರಿದರು. ಅವರ ಮಕ್ಕಳಿಗೆ ಶಿಬಿರ ಮಾಡುವುದೆಂದರೆ ಮೊದಲ ಖರ್ಚು ವಾಹನದ್ದು, ಏಕೆಂದರೆ ಒಂದೇ ಓಣಿಯ ಮಕ್ಕಳು ಈಗ ಹತ್ತು ಹಳ್ಳಿಯ ಬಾಡಿಗೆ ಕೋಣೆಗಳಲ್ಲಿದ್ದಾರೆ.

ಶಿಬಿರ ಗೆದ್ದಿತೋ ಸೋತಿತೋ ತಿಳಿಯಲು ಕೊನೆಯ ದಿನ ನಗುಮುಖದ ಚಿತ್ರಕ್ಕೆ ಗೆರೆ ಹಾಕಿಸುವ ಸಮೀಕ್ಷೆ ಏನನ್ನೂ ಹೇಳುವುದಿಲ್ಲ. ಮೂರು ಸಂಖ್ಯೆ ಇಟ್ಟುಕೊಳ್ಳಿ. 15ರಲ್ಲಿ 12 ದಿನ ಬಂದವರೆಷ್ಟು, ಅದರಲ್ಲಿ 16–17ರ ಹುಡುಗರೆಷ್ಟು. ಅಕ್ಟೋಬರ್‌ನಲ್ಲಿ ಕೇಂದ್ರದ ವಾರದ ಚಟುವಟಿಕೆಗೆ ಇನ್ನೂ ಬರುತ್ತಿರುವವರೆಷ್ಟು. ಎರಡು ವರ್ಷದ ನಂತರ ಇವರಲ್ಲಿ ಎಷ್ಟು ಮಂದಿ ಅಣ್ಣ-ಅಕ್ಕಂದಿರ ತರಬೇತಿಗೆ ಅರ್ಜಿ ಹಾಕಿದರು. ಮೂರನೆಯದು ಸೊನ್ನೆಯಾದರೆ ಮೊದಲೆರಡು ಎಷ್ಟೇ ಚೆನ್ನಾಗಿದ್ದರೂ ಮತ್ತೆ ಮಾರ್ಚ್‌ನಿಂದ ಯೋಚಿಸಬೇಕು.

ನೀವು ಹೋಗಬಹುದೇ? ಈ ಹೊತ್ತಿಗೆ ಬೇಡ. ವೆಸ್ಟ್ ಬ್ಯಾಂಕಿಗೆ ಹೋಗುವ ಎರಡೂ ಮುಖ್ಯ ದಾರಿ, ಬೆನ್ ಗುರಿಯನ್ ವಿಮಾನ ನಿಲ್ದಾಣ ಮತ್ತು ಜೋರ್ಡಾನ್ ಕಡೆಯ ಅಲೆನ್‌ಬಿ ಸೇತುವೆ, ಇಸ್ರೇಲಿನ ನಿಯಂತ್ರಣದಲ್ಲಿವೆ. ಭಾರತೀಯ ಪಾಸ್‌ಪೋರ್ಟಿಗೆ ವೀಸಾ ಬೇಕು, ಪ್ರವಾಸಿ ವೀಸಾದಲ್ಲಿ ಸ್ವಯಂಸೇವೆ ಮಾಡುವಂತಿಲ್ಲ, ಗಡಿಯಲ್ಲಿ ಕಾರಣ ಹೇಳದೆ ಹಿಂದೆ ಕಳಿಸುವುದುಂಟು. ನಮ್ಮ ವಿದೇಶಾಂಗ ಸಚಿವಾಲಯದ ಎಚ್ಚರಿಕೆಗಳನ್ನೂ ನೋಡಿಕೊಳ್ಳಬೇಕು. ಪರಿಸ್ಥಿತಿ ತಿಳಿಯಾದಾಗ ಹೋಗುವುದಿದ್ದರೂ ಅರಬ್ಬಿ ಬಾರದ ಒಬ್ಬರು ಎರಡು ವಾರಕ್ಕೆ ಬಂದರೆ ಅವರನ್ನು ನೋಡಿಕೊಳ್ಳಲೇ ಒಬ್ಬ ಅಣ್ಣ ಬೇಕು. ಒಂದು ಕೌಶಲ, ಉದಾಹರಣೆಗೆ ಧ್ವನಿ ಸಂಕಲನವೋ ಆನಿಮೇಷನ್ನೋ, ಕೈಯಲ್ಲಿದ್ದು ಆಹ್ವಾನ ಬಂದರೆ ಮಾತ್ರ ಹೊರಡಿ. ಹೋದಲ್ಲಿ ಮಕ್ಕಳಿಗೆ ಕಲಿಸುವ ಬದಲು ಮುನಶ್ಶಿತ್‌ಗಳಿಗೆ ಕಲಿಸಿ.

ಇಲ್ಲಿಂದಲೇ ಮಾಡಬಹುದಾದದ್ದು ಇದೆ. ಏಪ್ರಿಲ್, ಮೇಯಲ್ಲಿ ವಾರಕ್ಕೆರಡು 45 ನಿಮಿಷದ ವಿಡಿಯೊ ಪಾಠ, ಐದಾರು ಅಣ್ಣ-ಅಕ್ಕಂದಿರಿಗೆ. ಅಲ್ಲಿನ ಗಡಿಯಾರ ಬೇಸಿಗೆಯಲ್ಲಿ ನಮಗಿಂತ ಎರಡೂವರೆ ಗಂಟೆ ಹಿಂದೆ. ಸಂಪರ್ಕ ಕಡಿದಾಗ ಬೇಕಾಗುವಂತೆ ಪಾಠದ ಟಿಪ್ಪಣಿಯನ್ನು ಮುಂಚೆಯೇ ಕಳಿಸಿಡಿ. ಹಣ ಕೊಡುವುದಾದರೆ, ವಿದೇಶಕ್ಕೆ ದಾನ ಕಳಿಸಲು ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ಅವಕಾಶವಿದೆ. ಬ್ಯಾಂಕಿನವರು ಉದ್ದೇಶ, ಸ್ವೀಕರಿಸುವ ಸಂಸ್ಥೆಯ ದಾಖಲೆ ಕೇಳುತ್ತಾರೆ, 80ಜಿ ತೆರಿಗೆ ರಿಯಾಯಿತಿ ಸಿಗುವುದಿಲ್ಲ. ಯಾರದೋ ವೈಯಕ್ತಿಕ ಖಾತೆಗೆ, ಸಾಮಾಜಿಕ ಜಾಲತಾಣದಲ್ಲಿ ಕಂಡ ಕ್ಯೂಆರ್ ಕೋಡಿಗೆ ಕಳಿಸಬೇಡಿ. ಕಳಿಸುವ ಮುನ್ನ ಸಂಸ್ಥೆಗೆ ಎರಡು ಪ್ರಶ್ನೆ ಕೇಳಿ: ಹೋದ ವರ್ಷ ಗೌರವಧನಕ್ಕೆ ಬಜೆಟ್ಟಿನ ಎಷ್ಟು ಪಾಲು ಹೋಯಿತು, ಈ ವರ್ಷದ ಮುನಶ್ಶಿತ್‌ಗಳಲ್ಲಿ ಎಷ್ಟು ಮಂದಿ ಹಿಂದೆ ಅದೇ ಶಿಬಿರದ ಮಕ್ಕಳಾಗಿದ್ದರು.